ಬೇಡ ಎನ್ನದ ಮಗಳು

ಆ ಸೋಮವಾರ ನಮ್ಮ ಓಣಿಗೆ ನೀರು ಬಿಡುವ ದಿನ. ಯಾದಗಿರಿಯಲ್ಲಿ ನೀರು ಬಿಡುವ ದಿನ ಯಾರೂ ಯಾರ ಜೊತೆಗೂ ನೆಟ್ಟಗೆ ಮಾತಾಡುವುದಿಲ್ಲ. ಕೇಳಿದ್ದಕ್ಕೆಲ್ಲ ‘ಹೂಂ’ ಎಂದು ಕೊಡ ಬದಲಿಸುತ್ತಿರುತ್ತಾರೆ. ನಾನು ನಲ್ಲಿಯ ಬಾಯಿಗೆ ಹಳೆಯ ಪಂಚೆಯ ತುಂಡು ಕಟ್ಟಿ, ಮೊದಲೆರಡು ಕೊಡದ ಕೆಂಪು ನೀರನ್ನು ಬಾಗಿಲ ಮುಂದೆ ಚೆಲ್ಲಿ, ಆಮೇಲೆ ಹಂಡೆ, ಡ್ರಮ್ಮು, ಬಕೆಟ್ಟು, ಕೊನೆಗೆ ತಂಬಿಗೆಗಳನ್ನೂ ಬಿಡದೆ ತುಂಬಿಸಿದೆ. ಶ್ರಾವಣದಲ್ಲಿ ಭೀಮಾ ನದಿಗೆ ಹೊಸ ನೀರು ಬಂದಾಗ ಆ ಬಟ್ಟೆಯ ತುಂಡಿನಲ್ಲಿ ನುಣ್ಣನೆಯ ಮಣ್ಣು ಉಳಿಯುತ್ತದೆ. ಅದನ್ನು ಹಿಂಡುವಾಗ ಬೆರಳಿಗೆ ತಾಗುವ ತಣ್ಣನೆಯ ಜಿಗಿ ನನಗೆ ಇಷ್ಟ. ಯಾರಿಗೂ ಹೇಳಿಲ್ಲ.

ಏಳೂವರೆಗೆ ಹಂಚು ಇಟ್ಟೆ. ಆ ಹೊತ್ತಿಗೆ ಫೋನನ್ನು ಖಾರದ ಡಬ್ಬಿಗೆ ಒರಗಿಸಿ ಇಟ್ಟಿರುತ್ತೇನೆ, ಏಕೆಂದರೆ ಮೂರನೆಯ ರೊಟ್ಟಿ ಬಡಿಯುವಾಗ ಶಹಾಪುರದಿಂದ ದೊಡ್ಡವ್ವನ ಫೋನು ಬರುತ್ತದೆ. ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ತಾಯಿ ತೀರಿಕೊಂಡ ಮೇಲೆ ತವರು ಎಂದು ನನಗೆ ಉಳಿದದ್ದು ಆಕೆಯೊಬ್ಬಳೇ. ಆಕೆಯ ಪ್ರಶ್ನೆಗಳು ಮೂರೇ: ನೀರು ಬಂತೇನು, ರೊಟ್ಟಿ ಆದುವೇನು, ಅಳಿಯಾರು ಎದ್ದಾರೇನು. ಮೂರಕ್ಕೂ ಉತ್ತರ ಸಿಕ್ಕ ಕೂಡಲೇ ‘ಇಡ್ತೀನಿ’ ಎಂದು ಇಟ್ಟುಬಿಡುತ್ತಾಳೆ.

ಆ ದಿನ ನಾಲ್ಕನೆಯದೊಂದು ಪ್ರಶ್ನೆ ಬಂತು.

“ಸರ ಪೋಣಸೋನು ಒಬ್ಬಾಂವ ಇದ್ನಲ್ಲ ನಿಮ್ಮೂರಾಗ, ಸ್ಟೇಷನ್ ಕಡಿ. ಇದ್ದಾನೇನು ಇನ್ನಾ?”

“ಇರಬೇಕು. ಯಾಕ ದೊಡ್ಡವ್ವ?”

“ಬೋರಮಾಳದ ದಾರ ಸವದದ. ಕೊಡೂದಂದ್ರ ಚಂದಾಗಿ ಕೊಡಬೇಕಲ್ಲ. ಹೋಗ್ಲಿ ಬಿಡು, ಈಗೆಲ್ಲಿ ಆಗ್ತದ. ಅಕಿ ಮಧ್ಯಾಹ್ನನ ಬರ್ತಾಳ.”

“ಯಾರಿಗೆ ಕೊಡ್ತಿ?”

“ಮಗಳಿಗೆ. ಪಂಚಮಿ ಉಡಿ ತುಂಬೂದು ಉಳದದ. ನಿನ್ನ ರೊಟ್ಟಿ ಸೀದೀತು ನೋಡು, ಇಡ್ತೀನಿ.”

ರೊಟ್ಟಿ ಸೀದೇ ಹೋಗಿತ್ತು. ದೊಡ್ಡವ್ವನಿಗೆ ಮಕ್ಕಳಿಲ್ಲ.

ಮಗಳು ಎಂದು ಆಕೆ ಯಾರನ್ನು ಹೇಳುತ್ತಾಳೆಂಬುದು ನನಗೆ ತಿಳಿದಿತ್ತು. ಎರಡು ವರ್ಷದಿಂದ ಆ ಹೆಣ್ಣುಮಗಳ ಮಾತು ಕೇಳುತ್ತಲೇ ಇದ್ದೆ. ಕೆಂಭಾವಿ ಕಡೆಯವಳು, ಶಹಾಪುರಕ್ಕೆ ಕೊಟ್ಟವಳು, ನಲವತ್ತರ ಆಸುಪಾಸು. ಕುಪ್ಪಸ ಹೊಲಿಸಲು ದೊಡ್ಡವ್ವನ ಮನೆಗೆ ಬಂದವಳು ಅಳತೆ ಕೊಡುತ್ತ ಕೊಡುತ್ತ ಅತ್ತಳಂತೆ: ‘ನನಗ ತಾಯಿ ಇಲ್ಲ, ತವರಿಲ್ಲ, ನಿಮ್ಮ ಮನೀನ ನನ್ನ ತವರಮನಿ ಅಂತ ತಿಳಕೊಳ್ಳೇನು?’ ಇಂಥ ಮಾತಿಗೆ ‘ಬೇಡ’ ಎನ್ನುವ ಹೆಂಗಸು ನಮ್ಮ ಕಡೆ ಹುಟ್ಟಿಲ್ಲ. ಅಂದಿನಿಂದ ಆಕೆ ಪ್ರತಿ ಸೋಮವಾರ ಬರುತ್ತಿದ್ದಳು. ದೊಡ್ಡವ್ವನ ತಲೆ ಬಾಚುತ್ತಿದ್ದಳು, ಕಾಲು ಒತ್ತುತ್ತಿದ್ದಳು. ನಾನೂ ಎರಡು ಸಲ ನೋಡಿದ್ದೆ. ಸತ್ಯ ಹೇಳಬೇಕೆಂದರೆ ನನಗೆ ಅದರಿಂದ ಹಗುರವಾಗಿತ್ತು. ಹತ್ತಿರದಲ್ಲಿ ಒಬ್ಬಳು ಇದ್ದಾಳಲ್ಲ ಎಂದುಕೊಂಡು ನನ್ನ ಹೋಗುವಿಕೆ ತಿಂಗಳಿಗೊಮ್ಮೆಯಿಂದ ಎರಡು ತಿಂಗಳಿಗೊಮ್ಮೆಗೆ, ಆಮೇಲೆ ಹಬ್ಬಕ್ಕೊಮ್ಮೆಗೆ ಇಳಿದಿತ್ತು. ಈ ಪಂಚಮಿಗಂತೂ ಹೋಗಿರಲೇ ಇಲ್ಲ.

ಆದರೆ ಬೋರಮಾಳ ಬೇರೆ ಮಾತು. ಬೋರೆಹಣ್ಣಿನ ಬೀಜದಷ್ಟಿರುವ ಚಿನ್ನದ ಗುಂಡುಗಳ ಆ ಸರ ದೊಡ್ಡವ್ವನ ಹತ್ತಿರ ಉಳಿದ ಒಂದೇ ಒಡವೆ. ಉಳಿದವು ದೊಡ್ಡಪ್ಪನ ಕಾಯಿಲೆಗೆ ಹೋದವು. ಆಕೆಯ ಎಡಮೊಣಕಾಲಿಗೆ ಇಂದಲ್ಲ ನಾಳೆ ಆಪರೇಷನ್ ಆಗಲೇಬೇಕೆಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ದೊಡ್ಡವ್ವ ಸರವನ್ನು ಮುಟ್ಟಿ ನಗುತ್ತ, “ಇದು ನನ್ನ ಕೊರಳಾಗಿನ ಅಂಬ್ಯುಲೆನ್ಸು. ನಾ ಬಿದ್ದ ದಿನ ಯಾರ ಮುಂದೂ ಕೈ ಒಡ್ಡಬಾರದು” ಎನ್ನುತ್ತಿದ್ದಳು.

ಗಂಡನಿಗೆ ಎರಡು ರೊಟ್ಟಿ, ಪುಂಡಿಪಲ್ಯ ಮುಚ್ಚಿಟ್ಟು, “ಶಾಪೂರಕ್ಕ ಹೋಗಿಬರ್ತೀನಿ” ಎಂದೆ. ಅವರು ಮುಖಕ್ಕೆ ಸಾಬೂನು ಹಚ್ಚಿಕೊಂಡವರು ಒಂದು ಕಣ್ಣಷ್ಟೇ ತೆರೆದು, “ಇವತ್ತು ಹಬ್ಬ ಇಲ್ಲಲ್ಲ?” ಎಂದರು. ಆ ಪ್ರಶ್ನೆ ದಾರಿಯುದ್ದಕ್ಕೂ ನನ್ನ ಜೊತೆಗೆ ಬಂತು.

ಬಸ್ಸು ಭೀಮಾ ಸೇತುವೆ ದಾಟುವಾಗ ಹೊಳೆ ಚಹಾದ ಬಣ್ಣಕ್ಕಿತ್ತು. ಸೇತುವೆ ದಾಟಿದ ಮೇಲೆ ಹತ್ತಿ, ತೊಗರಿ, ಆಮೇಲೆ ಕಾಲುವೆಯ ನೀರು ಸಿಕ್ಕಲ್ಲಿ ಭತ್ತದ ಹಸಿರು. ನನಗೆ ಆ ದಾರಿಯಲ್ಲಿ ಕುಳಿತಾಗಲೆಲ್ಲ ಶಹಾಪುರಕ್ಕಿಂತ ಮುಂದಿನ ಸುರಪುರವೇ ನೆನಪಾಗುತ್ತದೆ. ದೊಡ್ಡಪ್ಪನಿಗೆ ಮೊದಲು ಅಲ್ಲಿ ಕೆಲಸವಿತ್ತು. ಕಾನ್ವೆಂಟಿನ ಹಾಸ್ಟೆಲಿನಿಂದ ರಜೆಗೆ ನಾನು ಹೋಗುತ್ತಿದ್ದುದು ಅಲ್ಲಿಗೇ. ಗುಡ್ಡಕ್ಕೆ ಆತುಕೊಂಡ ಓಣಿ, ಬಾಡಿಗೆಯ ಎರಡು ಕೋಣೆ, ಮುಂದಿನ ಕೋಣೆಯಲ್ಲಿ ದೊಡ್ಡವ್ವನ ಹೊಲಿಗೆ ಕ್ಲಾಸು. ಹತ್ತು ಹನ್ನೆರಡು ಹುಡುಗಿಯರು ಚಾಪೆಯ ಮೇಲೆ ಕುಳಿತು ಹಳೆಯ ಪೇಪರಿನಲ್ಲಿ ಕುಪ್ಪಸ ಕತ್ತರಿಸುತ್ತಿದ್ದರು. ದೊಡ್ಡವ್ವ ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ ಅವರನ್ನು ಬೈಯುತ್ತಿದ್ದಳು. ಸೂಜಿ ಒಮ್ಮೆಯೂ ಬೀಳುತ್ತಿರಲಿಲ್ಲ. ನನ್ನ ಯೂನಿಫಾರ್ಮಿನ ನೀಲಿ ಲಂಗಕ್ಕೆ ಆಕೆ ನಾಲ್ಕು ಬೆರಳು ಮಡಿಕೆ ಬಿಟ್ಟು ಹೊಲಿಯುತ್ತಿದ್ದಳು. ಪ್ರತಿ ವರ್ಷ ಒಂದೊಂದು ಬೆರಳು ಬಿಚ್ಚುವುದು. ಬಿಚ್ಚಿದ ಕಡೆ ಬಟ್ಟೆ ಹೊಸದಾಗಿ, ಗಾಢ ನೀಲಿಯಾಗಿ ಇರುತ್ತಿತ್ತು. ಹಾಸ್ಟೆಲಿನ ಹುಡುಗಿಯರು ನಕ್ಕರೂ ಆ ಪಟ್ಟಿ ನನಗೆ ಸುರಪುರದ ಪಟ್ಟಿ ಎನಿಸುತ್ತಿತ್ತು. ಪ್ರೇಯರಿನಲ್ಲಿ ನಿಂತಾಗ ಕಣ್ಣು ಮುಚ್ಚುವ ಬದಲು ಅದನ್ನೇ ನೋಡುತ್ತಿದ್ದೆ.

ಕಾನ್ವೆಂಟಿನಲ್ಲಿ ನಾನು ಕಲಿತದ್ದರಲ್ಲಿ ಇಂಗ್ಲಿಷಿಗಿಂತ ಗಟ್ಟಿಯಾಗಿ ಉಳಿದದ್ದು ಬೇರೊಂದು. ಹಬ್ಬದ ದಿನ ಸಿಸ್ಟರು ತಗಡಿನ ಡಬ್ಬಿಯಲ್ಲಿ ಚಾಕಲೇಟು ಹಿಡಿದು ಬರುತ್ತಿದ್ದರು. ಮೊದಲ ಸಲಕ್ಕೇ ಕೈ ಹಾಕಿದವಳನ್ನು ಅವರು ಬೈಯುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಆ ನೋಟಕ್ಕೆ ಹೆದರಿ ನಾವೆಲ್ಲ ‘ನೋ ಥ್ಯಾಂಕ್ಯೂ ಸಿಸ್ಟರ್’ ಎನ್ನಲು ಕಲಿತೆವು. ಬೇಡ ಎನ್ನುವುದೇ ಒಳ್ಳೆಯ ಹುಡುಗಿಯ ಗುರುತು. ಮದುವೆಯಾದ ಮೇಲೂ ಅದು ಬಿಡಲಿಲ್ಲ. ದೊಡ್ಡವ್ವ ಪ್ರತಿ ಸಲ ಉಡಿ ಸಿದ್ಧ ಮಾಡುತ್ತಿದ್ದಳು: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು, ಕುಪ್ಪಸಕ್ಕೊಂದು ಖಣ. ನಾನು, “ಬ್ಯಾಡ ದೊಡ್ಡವ್ವ, ನನಗೇನು ಕಡಿಮಿ ಆಗ್ಯಾದ? ನಿನಗ ಯಾಕ ಖರ್ಚು?” ಎಂದು ಶಾಸ್ತ್ರಕ್ಕೆ ನಾಲ್ಕು ಕಾಳು ಅಕ್ಕಿ ತೆಗೆದುಕೊಂಡು, ಖಣವನ್ನು ಆಕೆ ಅತ್ತ ಹೋದಾಗ ಟ್ರಂಕಿನಲ್ಲಿ ಇಟ್ಟು ಬರುತ್ತಿದ್ದೆ. ಒಂದು ಸಲ ಹಾಗೆ ಇಡುವಾಗ ಸಿಕ್ಕಿಬಿದ್ದೆ. ದೊಡ್ಡವ್ವ ಖಣವನ್ನು ಮಡಿಕೆಯ ಮೇಲೆ ಮಡಿಕೆ ಕೂರಿಸಿ ಒಳಗಿಡುತ್ತ, “ನಿನಗ ಕೊಡಾಕ ಏನೂ ಸಿಗಂಗಿಲ್ಲ ನೋಡು” ಎಂದಳು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ.

ಶಹಾಪುರದಲ್ಲಿ ಇಳಿದಾಗ ಹನ್ನೊಂದಾಗಿತ್ತು. ತುಂತುರು ಬಿದ್ದು ನಿಂತಿತ್ತು. ದೊಡ್ಡವ್ವನ ಮನೆ ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟೇ ದೂರ, ಹೊಲಿಗೆಯ ದುಡಿಮೆಯಲ್ಲಿ ಆಕೆಯೇ ಕೊಂಡ ಪುಟ್ಟ ಮನೆ. ಎಡಗಡೆ ಒಂದಾಳು ಎತ್ತರದ ಗೋಡೆ, ಆಚೆ ಕಿರಾಣಿ ಅಂಗಡಿಯವರ ಮನೆ. ಬಾಗಿಲು ತೆರೆದೇ ಇತ್ತು. ಹಿಂದಿನ ಬಚ್ಚಲಿನಿಂದ ನೀರು ಸುರಿದುಕೊಳ್ಳುವ ಸದ್ದು ಬರುತ್ತಿತ್ತು.

ಮುಂದಿನ ಕೋಣೆಯಲ್ಲಿ ಏನೋ ಬದಲಾಗಿತ್ತು. ಬೆಳಕು ಹೆಚ್ಚಿತ್ತು. ಒಂದು ಗಳಿಗೆ ಕಿಟಕಿ ದೊಡ್ಡದಾಗಿದೆಯೇ ಎಂದುಕೊಂಡೆ. ಆಮೇಲೆ ನೆಲದಲ್ಲಿ ನಾಲ್ಕು ಕುಳಿ ಕಂಡವು, ಎರಡು ರೂಪಾಯಿಯ ನಾಣ್ಯದಷ್ಟು ಅಗಲ, ಸವೆದು ನಯವಾದವು. ಹೊಲಿಗೆ ಮಿಷನ್ನಿನ ಕಾಲುಗಳು ಇದ್ದ ಜಾಗ. ಮಿಷನ್ ಇರಲಿಲ್ಲ. ದೇವರ ಗೂಡಿನಲ್ಲಿ ಬೆಳ್ಳಿಯ ಆರತಿ ತಟ್ಟೆಯ ಬದಲು ಸ್ಟೀಲಿನದಿತ್ತು.

ಹಿತ್ತಲಿಗೆ ಬಂದೆ. ಗೋಡೆಯ ಮೇಲೆ ಒಂದು ತಲೆ ಮೂಡಿತು; ಕಿರಾಣಿಯವರ ಮನೆಯಾಕೆ, ಕಲ್ಲಿನ ಮೇಲೆ ಹತ್ತಿ ನಿಂತಿದ್ದಳು.

“ಅಯ್ಯ, ಅಕ್ಕಾರ! ಪಂಚಮಿ ಮುಗದ ಮ್ಯಾಲ ಬಂದೀರಿ. ಉಂಡಿ ಎಲ್ಲಾ ಖಾಲಿ ಆದ್ವು.”

“ಮಿಷನ್ ಎಲ್ಲಿ ಹೋತ್ರಿ?” ಎಂದೆ ದನಿ ತಗ್ಗಿಸಿ.

“ಮಿಷನ್ ಹೋಗಿ ಎರಡು ತಿಂಗಳಾತು. ಅಕಿ ಮಗಳು ಹೊಲಿಗಿ ಕಲೀತಾಳಂತ, ಅದಕ್ಕ ಕೊಟ್ರು. ಯುಗಾದಿಗೆ ಬೆಳ್ಳಿ ತಟ್ಟಿ. ಅದಕಿಂತ ಮೊದ್ಲು ರೇಷ್ಮಿ ಸೀರಿ. ಎಲ್ಲಾ ನಾನೇ ತುಂಬೀನ್ರಿ, ಈ ಕೈಲೇ.”

ಗಂಡ ತೀರಿದ ಮೇಲೆ ದೊಡ್ಡವ್ವ ತನ್ನ ಕೈಯಿಂದ ಯಾರ ಉಡಿಯನ್ನೂ ತುಂಬುತ್ತಿರಲಿಲ್ಲ. ಸಾಮಾನು ಅವಳದು, ಕೈ ಈ ಮುತ್ತೈದೆಯದು. ಗೋಡೆಯಾಚೆಗೆ ಒಂದು ಕೂಗು ಹಾಕಿದರೆ ಆಕೆ ಕೈ ಒರೆಸಿಕೊಳ್ಳುತ್ತ ಬಂದು ತುಂಬಿ ಹೋಗುತ್ತಿದ್ದಳು.

“ನನಗ ಒಂದು ಮಾತು ಹೇಳಬಾರದಿತ್ತೇನ್ರಿ?”

“ಏನಂತ ಹೇಳ್ಲಿ? ಕೊಡೋರಿಗೂ ಖುಷಿ, ತಗೊಳೋರಿಗೂ ಖುಷಿ. ನಡುವ ನಾ ಯಾಕ ಕೆಟ್ಟಾಕಿ ಆಗ್ಲಿ? ನೀವರೆ ದಿನಾ ಫೋನಿನಾಗ ಮಾತಾಡ್ತೀರಿ, ನಿಮಗ ಗೊತ್ತಿರತದ ಅಂದುಕೊಂಡೆ.”

“ತಾಯಿ ಇಲ್ಲದ ಹೆಣ್ಣುಮಗಳು ಅಂತ ದೊಡ್ಡವ್ವಗ ಕನಿಕರ...”

“ಯಾರಿಗೆ ತಾಯಿ ಇಲ್ಲ?” ಆಕೆ ಗೋಡೆಯ ಮೇಲೆ ಮೊಣಕೈ ಊರಿದಳು. “ಅಕಿ ತಾಯಿ ಕೆಂಭಾವಿ ಸಂತ್ಯಾಗ ಬಳ್ಳೊಳ್ಳಿ ಮಾರ್ತಾಳ್ರಿ. ಗುಂಡಕಲ್ಲಿನಂಗ ಇದ್ದಾಳ. ತೂಕದಾಗ ಒಂದು ಎಸಳು ಹೆಚ್ಚಿಗಿ ಹಾಕಂಗಿಲ್ಲಂತ ನಮ್ಮ ನಾದಿನಿ ವಾರಾವಾರ ಬೈತಾಳ. ನಿಮ್ಮ ಮಿಷನ್ನೂ ಅಲ್ಲೇ ಯಾರಿಗೋ ಮಾರಿ ಆಗ್ಯಾದ. ಹೊಲಿಗಿ ಕಲಿಯಾಕ ಅಕಿಗೆ ಮಗಳರೆ ಎಲ್ಲಿದ್ದಾಳ? ಇಬ್ಬರೂ ಗಂಡಮಕ್ಕಳು.”

ಒಳಗಿನಿಂದ ಅವಳ ಕುಕ್ಕರು ಕೂಗಿತು. ತಲೆ ಮರೆಯಾಯಿತು.

ದೊಡ್ಡವ್ವ ಬಚ್ಚಲಿನಿಂದ ಬಂದವಳು ನನ್ನನ್ನು ಕಂಡು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹಣೆಯ ತುಂಬ ವಿಭೂತಿ, ಒದ್ದೆ ಕೂದಲು. “ಬೆಳಿಗ್ಗಿ ಮಾತಾಡಿದ್ಯಲ್ಲ, ಬರ್ತೀನಂತ ಅನಲಿಲ್ಲ” ಎಂದಳು. ಎಡಗಾಲನ್ನು ನೆಲಕ್ಕೆ ತಾಗಿಸುವ ಮುನ್ನ ಒಂದು ಕ್ಷಣ ಯೋಚಿಸಿ ಇಡುತ್ತಿದ್ದಳು. ನಾಲ್ಕು ತಿಂಗಳ ಹಿಂದೆ ಹಾಗಿರಲಿಲ್ಲ.

ಅಡುಗೆಮನೆಯ ಕಟ್ಟೆಯ ಮೇಲೆ ಮೊರದಲ್ಲಿ ಎಲ್ಲ ಸಿದ್ಧವಾಗಿತ್ತು. ಅಕ್ಕಿ, ಕೊಬ್ಬರಿ, ಹಸಿರು ಅಂಚಿನ ಖಣ. ಗುಂಡಿಗಳನ್ನಿಡುವ ಹಳೆಯ ತಗಡಿನ ಡಬ್ಬಿಯಲ್ಲಿ ಬೋರಮಾಳ. ಡಬ್ಬಿಯ ಮುಚ್ಚಳ ತೆಗೆದು ತೋರಿಸಿದಳು. ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದಿದ್ದಳು. ಒಂದೆರಡು ಗುಂಡುಗಳ ಸಂದಿನಲ್ಲಿ ಹುಣಸೆಯ ನಾರು ಇನ್ನೂ ಸಿಕ್ಕಿಕೊಂಡಿತ್ತು.

“ಮೊಣಕಾಲು ಆಪರೇಷನ್ ಅಂದಾರಲ್ಲ ದೊಡ್ಡವ್ವ. ಇದನ್ನ ಕೊಟ್ರ ಹ್ಯಾಂಗ?”

“ಎಲ್ಲಿ ಹೋಗ್ತದ? ಮಗಳ ಹತ್ರ ಇರತದ.”

“ನಾ ಇದ್ದೀನಲ್ಲ.”

“ನೀ ಇದ್ದಿ” ಎಂದಳು ದೊಡ್ಡವ್ವ, ಮುಚ್ಚಳ ಒತ್ತುತ್ತ. “ನಿನಗ ಏನೂ ಬ್ಯಾಡಲ್ಲ.”

ಬೆಳ್ಳುಳ್ಳಿ ಮಾರುವ ತಾಯಿಯ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಹೇಳಿದರೆ ಆ ಮುಖ ಏನಾಗುತ್ತದೆಂದು ನೆನೆದು ನುಂಗಿಕೊಂಡೆ. ಒದ್ದೆ ಕೂದಲಿಗೆ ಎಣ್ಣೆ ಹಚ್ಚುತ್ತೇನೆಂದೆ. “ಅಕಿ ಬಂದು ಬಾಚ್ತಾಳ” ಎಂದಳು.

ಒಂದು ಗಂಟೆಗೆ ಬಾಗಿಲಲ್ಲಿ “ಯವ್ವಾ” ಎಂಬ ದನಿ. ಚಪ್ಪಲಿಗಳನ್ನು ಜೋಡಿಸಿಟ್ಟು, ಮೆಂತ್ಯದ ಸೊಪ್ಪಿನ ಕಟ್ಟು ಒಳಗಿಟ್ಟು, ದೊಡ್ಡವ್ವನ ಪಾದಕ್ಕೆ ತಲೆ ಮುಟ್ಟಿಸಿದಳು. ನನ್ನನ್ನು ಕಂಡು ಒಂದಿಷ್ಟೂ ಅಳುಕಲಿಲ್ಲ. “ಅಕ್ಕಾರು ಬಂದಾರಲ್ಲ! ಇವತ್ತು ಮನಿ ತುಂಬಿ ಕಾಣಾಕತ್ತದ” ಎಂದಳು. ಕೂತವಳೇ ಬಾಚಣಿಗೆ ತೆಗೆದುಕೊಂಡಳು. ಆಕೆ ಬಾಚುವುದನ್ನು ನಾನು ನೋಡಿದೆ. ಸಿಕ್ಕು ಬಂದಲ್ಲಿ ಕೂದಲಿನ ಬುಡ ಹಿಡಿದು, ನೋವಾಗದಂತೆ, ತುದಿಯಿಂದ ಬಿಡಿಸುತ್ತಿದ್ದಳು. ಅಷ್ಟು ಸಾವಧಾನ ನನಗೆ ಬರುವುದಿಲ್ಲ. ದೊಡ್ಡವ್ವ ಕಣ್ಣು ಮುಚ್ಚಿದ್ದಳು.

ಬಾಚುತ್ತಲೇ ಮಾತಾಡಿದಳು. “ನಮ್ಮ ನೆಗೆಣ್ಣಿಗೆ ಅವರ ತವರವರು ಪಂಚಮಿಗೆ ಕೈಗೆ ಬಂಗಾರದ ಪಾಟ್ಲಿ ಹಾಕ್ಯಾರ್ರಿ ಅಕ್ಕಾರ. ನಮ್ಮತ್ತಿ ಅಕಿ ಕೈ ಹಿಡಿದು ನನ್ನ ಮುಂದ ತಂದು ತೋರಸ್ತಾಳ. ನಾ ಏನೂ ಅನಲಿಲ್ಲ. ತವರಿಲ್ಲದಾಕಿ ಏನನಬೇಕು, ನೀವ ಹೇಳ್ರಿ.”

“ಯಾಕ ಇಲ್ಲ, ನಾ ಸತ್ತೀನೇನು?” ಎಂದಳು ದೊಡ್ಡವ್ವ, ಕಣ್ಣು ತೆರೆಯದೆ.

ಅಷ್ಟೇ. ಕೊಡು ಎಂದು ಆಕೆ ಒಂದು ಮಾತೂ ಆಡಲಿಲ್ಲ. ಮಿಷನ್ನೂ ಬೆಳ್ಳಿಯೂ ಹೀಗೇ ಹೋಗಿರಬೇಕು, ಬಾಚಣಿಗೆಯ ಸದ್ದಿನಲ್ಲಿ.

ಊಟವಾಯಿತು. ದೊಡ್ಡವ್ವ ಗೋಡೆಯ ಕಡೆ ಮುಖ ಮಾಡಿ ಕೂಗು ಹಾಕಿದಳು. ಪಕ್ಕದ ಮನೆಯಾಕೆ ಕುಂಕುಮದ ಬಟ್ಟಲು ಹಿಡಿದು ಬಂದಳು. ಮಣೆ ಹಾಕಿದರು. ಮೊರ ಬಂತು, ಅದರ ಮೇಲೆ ತಗಡಿನ ಡಬ್ಬಿ. ಆ ಹೆಣ್ಣುಮಗಳು ಸೆರಗು ಸರಿಪಡಿಸಿಕೊಂಡು, ನಿರಿಗೆ ಹಿಡಿದು, ಕೂರಲೆಂದು ಅರ್ಧ ಬಾಗಿದ್ದಳು.

ನಾನು ಹೋಗಿ ಮಣೆಯ ಮೇಲೆ ಕುಳಿತೆ.

ಯೋಚಿಸಿ ಮಾಡಿದ್ದಲ್ಲ. ಜಗಳ ನನಗೆ ಬರುವುದಿಲ್ಲ. ‘ನೀನು ಸುಳ್ಳಿ’ ಎಂದು ಒಬ್ಬರ ಮುಖಕ್ಕೆ ಹೇಳುವುದು ಜನ್ಮದಲ್ಲಿ ಆಗದು. ನನಗೆ ಕೂರುವುದೊಂದೇ ಸಾಧ್ಯವಿತ್ತು.

“ಮೊದಲ ನನಗ ತುಂಬ್ರಿ” ಎಂದು ಸೆರಗು ಒಡ್ಡಿದೆ.

ಪಕ್ಕದ ಮನೆಯಾಕೆ ಬಾಯಿಗೆ ಕೈ ಹಚ್ಚಿದಳು. “ನಿಮಗೇನ್ರಿ? ನೀವು ಅಕ್ಕಿ ಕಾಳು ಸೈತ ಆರಿಸಿ ಹಿಂದಕ್ಕ ಇಡೋರು!”

“ಈ ಸಲ ಇಡಂಗಿಲ್ಲ.” ದೊಡ್ಡವ್ವನ ಕಡೆ ತಿರುಗಿದೆ. “ದೊಡ್ಡವ್ವ, ನನಗ ಬೋರಮಾಳ ಬೇಕು.”

ಹುಟ್ಟಿದಾಗಿನಿಂದ ನಾನು ಆಕೆಯ ಹತ್ತಿರ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಆಡಿದ ಮಾತು ನನ್ನ ಕಿವಿಗೇ ಒರಟಾಗಿ ಕೇಳಿತು. ಆ ಹೆಣ್ಣುಮಗಳು ನಿರಿಗೆ ಹಿಡಿದವಳು ಹಾಗೆಯೇ ನಿಂತಿದ್ದಳು. ದೊಡ್ಡವ್ವ ನನ್ನನ್ನು ನೋಡಿದಳು. ಬಟ್ಟೆಯ ಅಳತೆ ತೆಗೆಯುವಾಗ ನೋಡುತ್ತಿದ್ದಳಲ್ಲ, ಹಾಗೆ, ಹೆಗಲಿನಿಂದ ಹೆಗಲಿಗೆ.

“ಖರೇನ ಬೇಕೇನು?”

“ಬೇಕು.”

“ಆಮ್ಯಾಲ ಟ್ರಂಕಿನಾಗ ಇಟ್ಟು ಹೋಗ್ತಿ.”

“ಇಲ್ಲ. ಒಯ್ತೀನಿ.”

“ಹಿರೇ ಮಗಳು ಮಣಿ ಮ್ಯಾಲ ಕುಂತಾಳಂದ್ರ ಪೈಲೆ ಅಕಿದೇ ಬಿಡ್ರಿ” ಎಂದಳು ಪಕ್ಕದ ಮನೆಯಾಕೆ. ಅರಿಶಿನ ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ, ಖಣ ಎಲ್ಲವನ್ನೂ ನನ್ನ ಸೆರಗಿಗೆ ಹಾಕಿದಳು. ಡಬ್ಬಿ ತೆಗೆದುಕೊಳ್ಳಲು ಮಾತ್ರ ಕೈ ಚಾಚಿದವಳು ಹಿಂದೆಗೆದಳು. “ಬಂಗಾರ ನಾ ಮುಟ್ಟಂಗಿಲ್ಲರೀ. ನಾಳಿ ಒಂದು ಗುಂಡು ಹೆಚ್ಚುಕಮ್ಮಿ ಆತಂದ್ರ ನನ್ನ ಹೆಸರು ಬರ್ತದ. ಅದನ್ನ ನೀವ ಹಾಕ್ರಿ.”

“ನಾ ಹ್ಯಾಂಗ ಹಾಕ್ಲಿ? ನನ್ನ ಕೈ...” ಎಂದು ದೊಡ್ಡವ್ವ ತನ್ನ ಕೈ ನೋಡಿಕೊಂಡಳು.

“ಕೈಗೇನಾಗ್ಯಾದ? ಚಂದ ಅದ. ಹಾಕ್ರಿ, ನನ್ನ ಅನ್ನ ಹತ್ತಾಕತ್ತದ ಒಲಿ ಮ್ಯಾಲ.”

ದೊಡ್ಡವ್ವ ಡಬ್ಬಿಯಿಂದ ಸರ ತೆಗೆದಳು. ಮೊಣಕಾಲು ಬಾಗುವುದಿಲ್ಲವೆಂದು ನಾನೇ ಸೆರಗನ್ನು ಎತ್ತಿ ಹಿಡಿದೆ. ಸರವನ್ನು ಮೇಲಿನಿಂದ ಬೀಳಬಿಡದೆ ಅಕ್ಕಿಯ ಮೇಲೆ ಇಟ್ಟಳು, ಮಲಗಿದ ಕೂಸನ್ನು ಇಡುವಂತೆ. ಕೈಯನ್ನು ಒಡನೆ ತೆಗೆಯಲಿಲ್ಲ. ದೊಡ್ಡಪ್ಪ ತೀರಿದ ಹನ್ನೊಂದು ವರ್ಷದ ಮೇಲೆ ಆ ಕೈ ಒಬ್ಬರ ಉಡಿಗೆ ಬಂದಿತ್ತು. ತರ್ಜನಿಯ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಆದ ಒರಟು ಚುಕ್ಕೆಗಳು ಸುರಪುರದಲ್ಲಿದ್ದಂತೆಯೇ ಇದ್ದವು.

ಆಮೇಲೆ ಆ ಹೆಣ್ಣುಮಗಳಿಗೂ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಹಾಕಿದ ಮೇಲೆ ದೊಡ್ಡವ್ವ ಟ್ರಂಕಿನಿಂದ ಇನ್ನೊಂದು ಖಣ ತೆಗೆಸಿದಳು, ನಾನು ಎಂದೋ ಹಿಂದಿರುಗಿಸಿದ್ದರಲ್ಲೊಂದು. ಆಕೆ ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. “ಅಕ್ಕಾರಿಗೆ ಸರ ಒಪ್ಪತದ” ಎಂದಳು ನನಗೆ. ಅದರಲ್ಲಿ ಕುಹಕವಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಚಹಾ ಕುಡಿಯದೆ, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಆಕೆಯ ಮನೆ ಅದೇ ಊರಿನಲ್ಲಿತ್ತು. ಯಾವ ಬಸ್ಸು ಎಂದು ನಾವ್ಯಾರೂ ಕೇಳಲಿಲ್ಲ. ಮತ್ತೆ ಬರಲಿಲ್ಲ, ಮುಂದಿನ ಸೋಮವಾರವೂ, ಅದರ ಮುಂದಿನ ಸೋಮವಾರವೂ.

ಮನೆಯಲ್ಲಿ ನಾವಿಬ್ಬರೇ ಉಳಿದೆವು. ನಾನು ಮೆಂತ್ಯದ ಸೊಪ್ಪು ಬಿಡಿಸತೊಡಗಿದೆ. ಹೇಗಾದರೂ ಮಾತು ತೆಗೆಯಬೇಕಿತ್ತು. “ದೊಡ್ಡವ್ವ, ಅಕಿ ತಾಯಿ...” ಎಂದೆ.

“ಇದ್ದಾಳ. ಗೊತ್ತದ.”

ನನ್ನ ಕೈ ನಿಂತಿತು.

“ಯುಗಾದಿಗೇ ಗೊತ್ತಾತು. ಕೆಂಭಾವಿ ಗಿರಾಕಿ ಒಬ್ಬಾಕಿ ಹೇಳಿದ್ಲು. ಗಂಡಮಕ್ಕಳಿಬ್ಬರು ಅನ್ನೂದೂ ಗೊತ್ತದ.”

“ಮತ್ತ ಮಿಷನ್ ಯಾಕ ಕೊಟ್ಟಿ?”

ದೊಡ್ಡವ್ವ ಸೊಪ್ಪಿನ ಕಡ್ಡಿಯೊಂದನ್ನು ಮುರಿದಳು. “ನನ್ನ ಕಣ್ಣಿಗೆ ಸೂಜಿಗೆ ದಾರ ಪೋಣಸಾಕ ಆಗಂಗಿಲ್ಲ ಈಗ. ಮಿಷನ್ ಸುಮ್ನ ನಿಂತಿತ್ತು. ಸುಳ್ಳ ಹೇಳಿದ್ರೂ ಚಂದ ಹೇಳ್ತಿದ್ಲವ್ವ. ಕೊಟ್ಟದ್ದಕ್ಕ ಸೆರಗು ಒಡ್ಡೋರು ಒಬ್ಬರರೆ ಬೇಕು ಮನ್ಯಾಗ. ನಮ್ಮವ್ವ ನನಗ ಕೊಟ್ಲು, ನಾ ಯಾರಿಗೆ ಕೊಡ್ಲಿ? ಹಂಗ ಇಟಗೊಂಡು ಕುಂದ್ರೂದಾ?”

“ಹಂಗಂತ ಬೋರಮಾಳನೂ? ನಿನ್ನ ಆಸ್ಪತ್ರಿದು ಅದು.”

“ಅದನ್ನ ಕೊಡಾಕ ನನಗೂ ಮನಸ್ಸಿರಲಿಲ್ಲ” ಎಂದಳು. “ರಾತ್ರಿ ನಿದ್ದಿ ಹತ್ತಲಿಲ್ಲ. ಅದಕ್ಕ ಮುಂಜಾನೆ ಫೋನಿನಾಗ ನಿನ್ನ ಕೇಳಿದ್ದು, ಸರ ಪೋಣಸೋನು ಇದ್ದಾನೇನಂತ.”

ಇಷ್ಟು ಹೇಳಿ ಸೊಪ್ಪಿನ ದಂಟುಗಳನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದಳು. ನಾನು ಆಕೆಯ ತೊಡೆಯ ಮೇಲೆ ತಲೆಯಿಡಬೇಕೆಂದುಕೊಂಡೆ. ನೋವಿನ ಕಾಲು ಯಾವುದೆಂದು ನೆನಪಾಗಿ ಇನ್ನೊಂದು ಮಗ್ಗುಲಿಗೆ ಸರಿದು ಕುಳಿತೆ. ಹೊಲಿಗೆ ಕ್ಲಾಸಿನ ಹುಡುಗಿಯರ ಮಾತು ಬಂತು. ಒಬ್ಬಳು ಎರಡೂ ತೋಳನ್ನು ಒಂದೇ ಬದಿಗೆ ಹೊಲಿದು ತಂದದ್ದನ್ನು ನೆನೆದು ದೊಡ್ಡವ್ವ ಕೆಮ್ಮು ಬರುವಷ್ಟು ನಕ್ಕಳು.

ಐದು ಗಂಟೆಗೆ ಎದ್ದು, ಸರವನ್ನು ಡಬ್ಬಿಗೆ ಹಾಕಿ ಆಕೆಯ ಮುಂದಿಟ್ಟೆ. “ಇದನ್ನ ನೀ ಹಾಕ್ಕೋ ದೊಡ್ಡವ್ವ. ನನ್ನದಂತ ಆತಲ್ಲ, ನನ್ನ ಹೆಸರಿಲೇ ನಿನ್ನ ಕೊರಳಾಗ ಇರ್ಲಿ.”

“ಹುಚ್ಚೇನು ನಿನಗ? ಉಡಿಯಾಗ ಹಾಕಿದ್ದು ತಿರುಗಿ ತಗೊಂಡ್ರ ತವರು ಉಳಿಯಂಗಿಲ್ಲ. ಒಯ್ತೀನಂತ ಮಣಿ ಮ್ಯಾಲ ಕುಂತು ಹೇಳೀದಿ. ಒಯ್ಯಿ.” ಡಬ್ಬಿಯನ್ನು ತಾನೇ ನನ್ನ ಚೀಲದ ತಳಕ್ಕೆ, ಖಣದ ಕೆಳಗೆ ಇಟ್ಟಳು. “ಮೊಣಕಾಲಿಗೆ ಬೇಕಾದಾಗ ಕೇಳ್ತೀನಿ. ಆಗ ಬ್ಯಾಡ ಅನಬ್ಯಾಡ.”

ಸರ ಇಲ್ಲದ ಆಕೆಯ ಕೊರಳಲ್ಲಿ, ವರ್ಷಗಟ್ಟಲೆ ಗುಂಡುಗಳು ಕುಳಿತಿದ್ದ ಜಾಗದಲ್ಲಿ, ತೆಳ್ಳಗಿನ ಬಿಳಿ ಗೆರೆಯೊಂದಿತ್ತು. ಸೆರಗು ಎಳೆದು ಮುಚ್ಚಿಕೊಂಡಳು. ಆಕೆಯ ಮೈಮೇಲಿನ ಕೊನೆಯ ಚಿನ್ನವನ್ನು ಕಾಪಾಡಿದವಳೂ ನಾನೇ, ಚೀಲದಲ್ಲಿ ಹಾಕಿಕೊಂಡು ಹೊರಟವಳೂ ನಾನೇ. ಯಾರಾದರೂ ಕೇಳಿದರೆ ಎರಡರಲ್ಲಿ ಯಾವುದನ್ನು ಹೇಳಬೇಕೆಂದು ತಿಳಿಯದೆ ಹೊಸ್ತಿಲಲ್ಲಿ ನಿಂತು ಚಪ್ಪಲಿ ಮೆಟ್ಟಿದೆ.

ಪಕ್ಕದ ಮನೆಯಾಕೆ ತನ್ನ ಕಟ್ಟೆಯ ಮೇಲೆ ಕುಳಿತು ಹೆಸರುಕಾಳು ಹಸನು ಮಾಡುತ್ತಿದ್ದಳು. ತುಂತುರು ಮತ್ತೆ ಶುರುವಾಗಿತ್ತು. ಮೊರವನ್ನು ಸ್ವಲ್ಪ ಒಳಕ್ಕೆ ಎಳೆದುಕೊಂಡು, ಕಾಳಿನಿಂದ ಕಣ್ಣೆತ್ತದೆ ಹೇಳಿದಳು:

“ಹೊಂಟ್ರೇನ್ರಿ ಅಕ್ಕಾರ? ಇನ್ನ ಸೋಮವಾರಕ್ಕೊಮ್ಮಿ ನೀವ ಬಂದು ತಲಿ ಬಾಚಬೇಕಾತಲ್ಲ ಮತ್ತ. ಹೆಂಗಸರಿಗೆ ಬಸ್ಸರೆ ಫ್ರೀ ಅದ, ಏನ್ ಕಷ್ಟ?”